ಬಿದನೂರಿನ ಮಳೆ, ಬಿದನೂರಿನ ಕೋಟೆ

ಆರಿದ್ರಾ ಮಳೆ ಹಿಡಿದ ಮೇಲೆ ಕೋಟೆ ಕೊತ್ತಲ ನೋಡಲು ಹೊರಡುವವರನ್ನು ಮಲೆನಾಡಿನವರು ಒಂದು ಥರಾ ನೋಡುತ್ತಾರೆ. ‘ಈ ಮಳೇಲಿ ಅಲ್ಲೇನು ಕಾಣುತ್ತೆ ಮಾರಾಯ್ರೆ? ದೀಪಾವಳಿ ಕಳೆದ ಮೇಲೆ ಬನ್ನಿ’ ಎಂಬುದು ತೀರ್ಥಹಳ್ಳಿಯ ಹೋಟೆಲಿನಲ್ಲೋ ಬಸ್ ನಿಲ್ದಾಣದಲ್ಲೋ ಸಿಗುವ ಬುದ್ಧಿಮಾತು. ಮಾತಿನಲ್ಲಿ ಸುಳ್ಳಿಲ್ಲ. ಜುಲೈ ತಿಂಗಳ ಒಂದು ಶನಿವಾರ ಕವಲೇದುರ್ಗದ ಬುಡದಲ್ಲಿ ನಿಂತರೆ ಗುಡ್ಡವೇ ಕಾಣದು; ಎದುರಿಗೆ ಬರೀ ಬಿಳಿಯ ಮಂಜು. ಕೊಡೆ ಗಾಳಿಗೆ ಮಗುಚಿಕೊಳ್ಳುತ್ತದೆ. ಕಲ್ಲು ಹಾಸಿನ ಮೇಲೆ ಕಾಲಿಟ್ಟರೆ ಪಾಚಿ. ಹುಲ್ಲಿನಿಂದ ಕಾಲಿಗೆ ಹತ್ತಿದ ಉಂಬಳ ಮೊಣಕಾಲಿನವರೆಗೆ ಬಂದದ್ದು ರಕ್ತ ಇಳಿದ ಮೇಲೇ ಗೊತ್ತಾಗುತ್ತದೆ. ಸುಣ್ಣ, ಹೊಗೆಸೊಪ್ಪು ಜೊತೆಗಿಲ್ಲದೆ ಹೊರಟ ಪಟ್ಟಣದವರ ಪಾಡು ಹೇಳತೀರದು.

ಆದರೂ ಕೆಳದಿ ಅರಸರ ಕವಲೇದುರ್ಗವನ್ನೂ ಬಿದನೂರನ್ನೂ ನೋಡಬೇಕಾದದ್ದು ಮಳೆಗಾಲದಲ್ಲಿಯೇ. ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಕಲ್ಲು, ಮುರಿದ ಗೋಡೆ, ಒಳ್ಳೆಯ ಸೂರ್ಯಾಸ್ತ. ಈ ಕಲ್ಲುಗಳನ್ನು ಇಲ್ಲಿಯೇ ಯಾಕೆ ಇಟ್ಟರು, ಇಟ್ಟವರ ಅರಮನೆ ಎಲ್ಲಿ ಹೋಯಿತು, ಗುಡ್ಡದ ಮೇಲೆ ಅಷ್ಟೊಂದು ಕಾಲುವೆಗಳೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದು ಮಳೆ. ಈ ಕೋಟೆಗಳಲ್ಲಿ ಕಲ್ಲಿನಷ್ಟೇ ಪಾಲು ಮಳೆಗೂ ಇದೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಇದರ ಮೊದಲ ಪಾಠ ಸಿಗುತ್ತದೆ. ಶಿವಮೊಗ್ಗದಲ್ಲಿ ಹನಿಯಿದ್ದರೆ ಸಕ್ರೆಬೈಲಿನಲ್ಲಿ ಸೋನೆ, ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಹಕ್ಕಿಗಳು ತೊಯ್ದು ಕುಳಿತಿರುತ್ತವೆ, ತೀರ್ಥಹಳ್ಳಿ ಬರುವಷ್ಟರಲ್ಲಿ ಕಿಟಕಿಯ ಟಾರ್ಪಾಲು ಇಳಿಸಲೇಬೇಕು. ಶಿವಮೊಗ್ಗ ಪಟ್ಟಣಕ್ಕೆ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಅಲ್ಲಿಂದ ನೂರು ಕಿಲೋಮೀಟರಿನೊಳಗಿರುವ ಆಗುಂಬೆಗೆ ಅದರ ಏಳು ಪಟ್ಟು. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಮಾಸ್ತಿಕಟ್ಟೆಗಳು ಆಗುಂಬೆಗೇ ಪೈಪೋಟಿ ಕೊಡುತ್ತವೆ. ಅರಬ್ಬಿ ಸಮುದ್ರದ ಮೇಲಿಂದ ನೀರು ಹೊತ್ತು ಬರುವ ಗಾಳಿಗೆ ಎರಡು ಸಾವಿರ ಅಡಿಗೂ ಎತ್ತರದ ಘಟ್ಟ ಅಡ್ಡ ಬರುತ್ತದೆ. ಗಾಳಿ ಏರಲೇಬೇಕು, ಏರಿದಂತೆ ತಣ್ಣಗಾಗಬೇಕು, ತಣ್ಣಗಾದಂತೆ ಹೊರೆ ಇಳಿಸಬೇಕು. ಘಟ್ಟದ ತುದಿಯಲ್ಲಿ ಹೊರೆಯೆಲ್ಲ ಇಳಿದ ಮೇಲೆ ಮೂಡಣಕ್ಕೆ ದಾಟುವ ಗಾಳಿಯಲ್ಲಿ ಉಳಿಯುವುದು ಅಲ್ಪಸ್ವಲ್ಪ. ಹೀಗಾಗಿ ಈ ಸೀಮೆಯಲ್ಲಿ ಪಡುವಣಕ್ಕೆ ಒಂದೊಂದು ಹರಿದಾರಿ ಸರಿದ ಹಾಗೂ ಮಳೆ ಹೆಚ್ಚು.

ಕೆಳದಿ ಅರಸರ ರಾಜಧಾನಿಗಳ ಕಥೆಯೂ ಹೀಗೆ ಮಳೆಯ ಕಡೆಗೆ ಸರಿದ ಕಥೆಯೇ. 1499ರ ಸುಮಾರಿಗೆ ಚೌಡಪ್ಪ ನಾಯಕನಿಂದ ಆರಂಭವಾದ ಈ ಮನೆತನ ಮೊದಲು ಇದ್ದದ್ದು ಇಂದಿನ ಸಾಗರದ ಹತ್ತಿರದ ಕೆಳದಿಯಲ್ಲಿ. ಅಲ್ಲಿಂದ ಕೆಲವೇ ಮೈಲಿ ದೂರದ ಇಕ್ಕೇರಿಗೆ ಬಂದರು. 1623ರಲ್ಲಿ ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಇಕ್ಕೇರಿಗೆ ಬಂದಾಗ ಆಳುತ್ತಿದ್ದವನು ಹಿರಿಯ ವೆಂಕಟಪ್ಪ ನಾಯಕ. ರಾಯಭಾರಿ ಬಂದದ್ದು ಕಾಳುಮೆಣಸಿನ ವ್ಯವಹಾರಕ್ಕೆ. ಆ ಯುರೋಪಿಯನ್ನನ ಕಣ್ಣಿಗೆ ಬಿದ್ದ ವಿಚಿತ್ರಗಳಲ್ಲಿ ಒಂದು ಇಕ್ಕೇರಿಯ ಕೋಟೆ. ಊರಿಗೆ ಮೂರು ಸುತ್ತಿನ ರಕ್ಷಣೆ; ಆದರೆ ಹೊರಗಿನ ಎರಡು ಸುತ್ತು ಗೋಡೆಗಳೇ ಅಲ್ಲ. ಒತ್ತೊತ್ತಾಗಿ ನೆಟ್ಟು ಬೆಳೆಸಿದ ಎತ್ತರದ ಬಿದಿರು ಮೆಳೆ! ಕಾಲಾಳಾಗಲಿ ಕುದುರೆಯಾಗಲಿ ನುಗ್ಗಲಾರದು, ಕಡಿಯುವುದು ಕಷ್ಟ, ಬೆಂಕಿಯ ಭಯವೂ ಇಲ್ಲ ಎಂದು ಅವನು ಮೆಚ್ಚಿ ಬರೆದ. ಮೆಳೆಗೆ ಹಬ್ಬಿದ ಬಳ್ಳಿಗಳ ಹೂವನ್ನೂ ಗಮನಿಸಿದ. ಗೋಡೆ ಕಟ್ಟಿದರೆ ಪ್ರತಿ ವರ್ಷ ಮಳೆಗೆ ಅಷ್ಟಷ್ಟು ಕರಗುತ್ತದೆ, ಬಿದಿರು ನೆಟ್ಟರೆ ಪ್ರತಿ ವರ್ಷ ಮಳೆಗೆ ಅಷ್ಟಷ್ಟು ದಪ್ಪವಾಗುತ್ತದೆ. ಮಲೆನಾಡಿನ ಲೆಕ್ಕಾಚಾರ ಅಂದರೆ ಇದು.

ಆದರೆ ಬಿದಿರು ಇಕ್ಕೇರಿಯನ್ನು ಉಳಿಸಲಿಲ್ಲ. 1637ರಲ್ಲಿ ಬಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಬಂದು ಇಕ್ಕೇರಿಯನ್ನು ಸೂರೆಮಾಡಿದ. ಬಯಲುಸೀಮೆಯ ಕುದುರೆದಂಡಿಗೆ ಇಕ್ಕೇರಿ ತೀರಾ ದೂರವಾಗಿರಲಿಲ್ಲ. ವೀರಭದ್ರ ನಾಯಕ ಆಗ ರಾಜಧಾನಿಯನ್ನು ಇನ್ನೂ ಒಳಕ್ಕೆ, ಘಟ್ಟದ ಅಂಚಿಗೆ, ಸುತ್ತಲೂ ಗುಡ್ಡಗಳಿದ್ದ ಒಂದು ಬೋಗುಣಿಯಂಥ ತಗ್ಗಿಗೆ ಸಾಗಿಸಿದ. ಆ ಊರಿನ ಹೆಸರು ಬಿದಿರೂರು. ಬಾಯಿಂದ ಬಾಯಿಗೆ ಬಿದರೂರು, ಬಿದನೂರು ಆಯಿತು. ಪಂಡಿತರು ಸಂಸ್ಕೃತದಲ್ಲಿ ವೇಣುಪುರ ಎಂದರು. ಬಿದಿರೂರಿಗೆ ಬಂದವರು ಶತ್ರುವಿಗೂ ತಮಗೂ ನಡುವೆ ಇಟ್ಟುಕೊಂಡದ್ದು ಹಲವು ಹರಿದಾರಿ ಕಾಡು ಮತ್ತು ವರ್ಷದಲ್ಲಿ ಐದಾರು ತಿಂಗಳ ಜಡಿಮಳೆಯನ್ನು.

ಈ ಮಳೆ ಎಂಥದೆಂದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಸೊಗಸಾಗಿ ವರ್ಣಿಸಿದ್ದಾನೆ. ಇಲ್ಲಿ ಒಂಬತ್ತು ತಿಂಗಳು ಮಳೆ, ಅದರಲ್ಲಿ ಆರು ತಿಂಗಳು ಎಷ್ಟು ಜೋರೆಂದರೆ ಹಡಗು ಹತ್ತಿ ದೂರಯಾನಕ್ಕೆ ಹೊರಟವರ ಹಾಗೆ ಮನೆಮಂದಿ ಮೊದಲೇ ದಿನಸಿ, ಸೌದೆ ಎಲ್ಲ ತುಂಬಿಸಿಟ್ಟುಕೊಳ್ಳುತ್ತಾರೆ ಎಂಬುದು ಅವನ ಮಾತಿನ ಸಾರ. ಮಲೆನಾಡಿನ ಹೆಂಗಸರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಹಪ್ಪಳ ಸಂಡಿಗೆ ಬಿಸಿಲಿರುವಾಗಲೇ ಆಗಬೇಕು. ಮಾವಿನ ಮಿಡಿ ಭರಣಿಗೆ ಬೀಳಬೇಕು. ಕಟ್ಟಿಗೆ ಒಣಗಿ ಕೊಟ್ಟಿಗೆಯ ಅಟ್ಟ ಸೇರಬೇಕು, ದರಗು ಗುಡಿಸಿ ಒಟ್ಟಬೇಕು, ಮಣ್ಣಿನ ಗೋಡೆಗೆ ಇರಚಲು ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಕಂಬಳಿಕೊಪ್ಪೆ, ಗೊರಬು ಅಟ್ಟದಿಂದ ಇಳಿಯಬೇಕು. ಇಷ್ಟಾದ ಮೇಲೆ ಮಳೆ ಬಂದರೆ ಬರಲಿ. ಮಳೆಗಾಲದ ಮೊದಲ ಕಳಲೆ ಪಲ್ಯದ ಹೊತ್ತಿಗೆ ಹೊರಗಿನ ಪ್ರಪಂಚದ ಬಾಗಿಲು ಅರ್ಧ ಮುಚ್ಚಿದಂತೆಯೇ.

ಇಂಥ ಕಡೆ ಒಂದು ದೊಡ್ಡ ಪಟ್ಟಣ ಬೆಳೆಯಿತು ಎಂದರೆ ಇಂದು ಬಿದನೂರು ನಗರಕ್ಕೆ ಬಂದಿಳಿದವರು ನಂಬುವುದು ಕಷ್ಟ. ಒಂದು ಬೀದಿಯ ಊರು, ಕೆಲವು ಅಂಗಡಿ, ಮಳೆಗೆ ಕಪ್ಪಾದ ಹಂಚಿನ ಮಾಡುಗಳು. ಆದರೆ ವೀರಭದ್ರನ ನಂತರ ಪಟ್ಟಕ್ಕೆ ಬಂದ ಶಿವಪ್ಪ ನಾಯಕನ ಕಾಲಕ್ಕೆ (1645-60) ಇದು ಕರಾವಳಿಯನ್ನೂ ಮಲೆನಾಡನ್ನೂ ಆಳುವ ಕೇಂದ್ರ. ಮನೆಗಳ ಸಂಖ್ಯೆ ಲಕ್ಷ ಮುಟ್ಟಿದರೆ ‘ನಗರ’ ಎನ್ನಿಸಿಕೊಳ್ಳುತ್ತದೆಂದೂ ಬಿದನೂರು ಅದಕ್ಕೆ ಸಮೀಪ ಬಂದಿತ್ತೆಂದೂ ಹಳೆಯ ಮಾತು. ಲಕ್ಷ ಮನೆಯ ಮಾತನ್ನು ಅರ್ಧಕ್ಕರ್ಧ ಕಡಿದರೂ, ಅದರಲ್ಲೂ ಅರ್ಧ ಬಿಟ್ಟರೂ, ಊರು ದೊಡ್ಡದಿದ್ದುದರಲ್ಲಿ ಅನುಮಾನವಿಲ್ಲ.

ಅದರ ಹೊಟ್ಟೆ ತುಂಬಿಸಿದ್ದೂ ಮಳೆಯೇ. ಘಟ್ಟದ ಕಣಿವೆಗಳ ಭತ್ತ, ಅಡಿಕೆ, ಏಲಕ್ಕಿ, ಎಲ್ಲಕ್ಕಿಂತ ಹೆಚ್ಚಾಗಿ ಕಾಳುಮೆಣಸು. ಯುರೋಪಿನ ಹಡಗುಗಳು ಸಾವಿರಾರು ಮೈಲಿ ಸುತ್ತಿ ಬರುತ್ತಿದ್ದುದು ಈ ಬಳ್ಳಿಯ ಕಾಯಿಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅವಳನ್ನು ಸೋಲಿಸಿ ಆ ಸೀಮೆಯನ್ನು ಪಡೆದವನು ವೆಂಕಟಪ್ಪ ನಾಯಕ. ಮೆಣಸಿನ ಬಳ್ಳಿ ಹೂ ಬಿಡುವುದು ಮುಂಗಾರಿನ ಆರಂಭಕ್ಕೆ. ಪರಾಗ ಹರಡುವುದಕ್ಕೂ ಮಳೆಹನಿಯ ನೆರವು ಬೇಕು. ಕೇರಳದಲ್ಲಿ ಒಂದು ಕಥೆ ಹೇಳುತ್ತಾರೆ. ಪರಂಗಿಗಳು ಮೆಣಸಿನ ಬಳ್ಳಿಯನ್ನೇ ಕಿತ್ತೊಯ್ಯುತ್ತಿದ್ದಾರೆಂದು ಮಂತ್ರಿ ಗಾಬರಿಯಾದಾಗ, ‘ಬಳ್ಳಿ ಒಯ್ಯಲಿ ಬಿಡು, ನಮ್ಮ ಆರಿದ್ರಾ ಮಳೆಯನ್ನು ಒಯ್ಯಲಾರರು’ ಎಂದು ಕಲ್ಲಿಕೋಟೆಯ ಸಾಮೂದಿರಿ ನಕ್ಕನಂತೆ. ನಡೆದದ್ದೋ ಇಲ್ಲವೋ, ಬಿದನೂರಿನ ಅರಸರಿಗೂ ಸಲ್ಲುವ ಮಾತು ಅದು. ಮೆಣಸು, ಅಕ್ಕಿ ಘಟ್ಟ ಇಳಿದು ಬಸರೂರು, ಹೊನ್ನಾವರ, ಮಂಗಳೂರಿನ ಬಂದರು ಸೇರುತ್ತಿದ್ದವು. 1650ರ ದಶಕದ ಆರಂಭದಲ್ಲಿ ಶಿವಪ್ಪ ನಾಯಕ ಆ ಬಂದರುಗಳ ಕೋಟೆಗಳನ್ನೇ ಪೋರ್ಚುಗೀಸರಿಂದ ಕಿತ್ತುಕೊಂಡ. ಅವನ ಹೆಸರಿನಲ್ಲಿ ಪ್ರಸಿದ್ಧವಾದ ಭೂಕಂದಾಯದ ‘ಶಿಸ್ತು’ ಕೂಡ ಮಳೆಯನ್ನು ಬಲ್ಲವನ ಕೆಲಸ. ಒಂದು ವರ್ಷದ ಫಸಲು ನೋಡಿ ಕಂದಾಯ ನಿಗದಿ ಮಾಡಿದರೆ ಮಳೆ ಹೆಚ್ಚುಕಡಿಮೆಯಾದ ವರ್ಷ ರೈತ ಮುಳುಗುತ್ತಾನೆ. ಆದ್ದರಿಂದ ಹಳ್ಳಿಗೊಂದರಂತೆ ಗದ್ದೆ ಹಿಡಿದು ಹನ್ನೆರಡು ವರ್ಷ ಸರ್ಕಾರವೇ ಸಾಗುವಳಿ ಮಾಡಿಸಿ, ಬೀಜ, ಬೆಳೆ, ಬೆಲೆಗಳ ಲೆಕ್ಕ ಇಟ್ಟು, ಅದರ ಸರಾಸರಿಯ ಮೇಲೆ ದರ ಕಟ್ಟಿದನೆಂದು ಹಳೆಯ ದಾಖಲೆಗಳನ್ನು ನೋಡಿದವರು ಬರೆದಿದ್ದಾರೆ.

ಮಳೆಯನ್ನು ಕೋಟೆ ಎಂದು ನಂಬಿದವರಿಗೆ ಒಂದು ತೊಡಕಿದೆ. ಈ ಕೋಟೆ ವರ್ಷದಲ್ಲಿ ಅರ್ಧ ಕಾಲ ಇರುವುದಿಲ್ಲ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಕೋಪಕ್ಕೆ ಗುರಿಯಾದ ಕೆಳದಿ ಚೆನ್ನಮ್ಮನ ಪಾಲಿಗೆ ಕಾಡು, ಮಳೆ ಎರಡೂ ಒದಗಿಬಂದವೆಂದು ಹೇಳುತ್ತಾರೆ. ಆದರೆ ಬಿದನೂರು ಬಿದ್ದ ದಿನಗಳ ಪಂಚಾಂಗ ನೋಡಿದರೆ ವಿಷಯ ಸ್ಪಷ್ಟ. ಹೈದರ್ ಅಲಿ ಬಂದದ್ದು 1763ರ ಮೊದಲ ತಿಂಗಳುಗಳಲ್ಲಿ. ಊರು ಕೈಸೇರಿದ್ದು ಮಾರ್ಚಿಯಲ್ಲಿ. ರಾಣಿ ವೀರಮ್ಮಾಜಿಯಿಂದ ಸೆರೆಗೆ ಬಿದ್ದಿದ್ದ ಹಳೆಯ ಮಂತ್ರಿ ಲಿಂಗಣ್ಣ ಕಾಡಿನೊಳಗಿನ ಗುಪ್ತದಾರಿ ತೋರಿಸಿದ. ಅರಮನೆಗೆ ಬೆಂಕಿ ಇಡಿಸಿ ರಾಣಿ ತಪ್ಪಿಸಿಕೊಂಡಳು. ಹೈದರ್ ಬೆಂಕಿ ಆರಿಸಿ ಒಳಹೊಕ್ಕ. ಮಾರ್ಚಿ ತಿಂಗಳಲ್ಲಿ ದರಗು ಒಣಗಿರುತ್ತದೆ, ಹಳ್ಳ ಬತ್ತಿರುತ್ತದೆ, ಕಾಡುದಾರಿ ಕುದುರೆಗೂ ನಡೆಯುತ್ತದೆ. ಅದೇ ಲಿಂಗಣ್ಣ ಜುಲೈಯಲ್ಲಿ ದಾರಿ ತೋರಿಸಿದ್ದರೆ ದಂಡಿನ ತೋಪು ಎಲ್ಲಿ ಹೂತುಹೋಗುತ್ತಿತ್ತೋ. ವೀರಮ್ಮಾಜಿ ಕೊನೆಗೆ ಸೆರೆಸಿಕ್ಕಿ ಮಧುಗಿರಿಯ ಕೋಟೆಗೆ ಹೋದಳು. 1767ರಲ್ಲಿ ಮರಾಠರು ಅವಳನ್ನು ಬಿಡಿಸಿದರು, ಪುಣೆಗೆ ಹೋಗುವ ದಾರಿಯಲ್ಲಿ ತೀರಿಕೊಂಡಳು. ಹುಟ್ಟಿದ್ದು ಬೆಳೆದದ್ದು ಎಲ್ಲಿಯೋ, ಜಡಿಮಳೆಯ ನಾಡನ್ನು ಆಳಿದವಳ ಸೆರೆವಾಸ ಮಳೆಗೆ ಬಾಯಿಬಿಡುವ ಬಯಲುಸೀಮೆಯ ಬಂಡೆಯ ಮೇಲೆ.

ಹೈದರ್ ಊರಿಗೆ ತನ್ನ ಹೆಸರಿಟ್ಟು ಹೈದರ್‌ನಗರ ಎಂದ. ಜನ ಮುಂದಿನ ಭಾಗ ಬಿಟ್ಟು ‘ನಗರ’ವನ್ನು ಮಾತ್ರ ಇಟ್ಟುಕೊಂಡರು. ಮುಂದೆ ತಾಲ್ಲೂಕು ಕಚೇರಿ ಕಲ್ಲೂರುಕಟ್ಟೆಗೆ ಹೋದಾಗ ಅದು ಹೊಸನಗರವಾಯಿತು. ಇಲ್ಲಿನ ಟಂಕಸಾಲೆಯಲ್ಲಿ ಹೈದರ್ ಹೊಡೆಸಿದ ವರಹದ ಒಂದು ಮುಖದಲ್ಲಿ ಇಕ್ಕೇರಿ ವರಹದ ಶಿವಪಾರ್ವತಿಯರೇ ಉಳಿದರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಅಕ್ಷರ ಬಂತು. ವ್ಯಾಪಾರಸ್ಥರಿಗೆ ಪರಿಚಯವಿದ್ದ ನಾಣ್ಯವನ್ನು ಕೆಡಿಸುವಷ್ಟು ದಡ್ಡನಲ್ಲ ಅವನು.

ಎರಡನೇ ಸಲವೂ ಹಾಗೆಯೇ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಟ್ಟ ಹತ್ತಿ ಬಂದ. ಆಡಳಿತಗಾರ ಅಯಾಜ್ ಖಾನ್ ಊರನ್ನು ಒಪ್ಪಿಸಿಬಿಟ್ಟ. ಮಳೆಗೆ ಮೊದಲೇ ಟೀಪು ಬಂದು ಮುತ್ತಿ, ಏಪ್ರಿಲ್ ಕೊನೆಗೆ ಅದನ್ನು ಮರಳಿ ಪಡೆದ. ಅಲ್ಲಿಂದ ಘಟ್ಟ ಇಳಿದು ಮಂಗಳೂರನ್ನು ಮುತ್ತಿದ್ದು ಮೇ ತಿಂಗಳಲ್ಲಿ. ಆಗ ಮಳೆ ಹಿಡಿಯಿತು. ಬೇಸಿಗೆಯಲ್ಲಿ ದಿನಗಳ ಲೆಕ್ಕದಲ್ಲಿ ಮುಗಿದಿದ್ದ ಕೆಲಸ ಮಂಗಳೂರಿನಲ್ಲಿ ಎಂಟು ತಿಂಗಳು ಹಿಡಿದು, 1784ರ ಜನವರಿ ಕೊನೆಗೆ ಮುಗಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಕರಾವಳಿಯ ಮಳೆಗಾಲದಲ್ಲಿ ಕಂದಕ ತೋಡುವುದೆಂದರೆ ಏನೆಂದು ಬಲ್ಲವರು ಮಳೆಯನ್ನು ಮರೆಯಲಾರರು.

ಇನ್ನು ಗುಡ್ಡ ಹತ್ತಬಹುದು. ಕವಲೇದುರ್ಗ ತೀರ್ಥಹಳ್ಳಿಯಿಂದ ಹದಿನೆಂಟು ಕಿಲೋಮೀಟರಿನಷ್ಟು ದೂರ. ಹಳೆಯ ಹೆಸರು ಭುವನಗಿರಿ. ವೆಂಕಟಪ್ಪ ನಾಯಕ ಇಲ್ಲಿ ಅರಮನೆ, ಮಠ, ಅಗ್ರಹಾರ, ಕಣಜ, ಆನೆ ಕುದುರೆಗಳ ಲಾಯ ಎಲ್ಲ ಮಾಡಿಸಿದ. ಗದ್ದೆಯ ಅಂಚಿನಲ್ಲಿ ನಡೆದು ಕಾಡಿಗೆ ಹೊಕ್ಕರೆ ಕಲ್ಲು ಹಾಸಿದ ದಾರಿ. ಗುಡ್ಡದ ಮೈಯನ್ನೇ ಅನುಸರಿಸಿ ಬಳಸುವ ಮೂರು ಸುತ್ತಿನ ಗೋಡೆ, ದೊಡ್ಡ ದೊಡ್ಡ ಕಲ್ಲಿನವು. ಪ್ರತಿ ಸುತ್ತಿಗೂ ಹೆಬ್ಬಾಗಿಲು, ಎರಡೂ ಪಕ್ಕ ಕಾವಲಿನವರ ಕೋಣೆ.

ಮಳೆಯಲ್ಲಿ ಈ ದಾರಿಯೇ ಹಳ್ಳ. ಮೇಲಿನಿಂದ ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುತ್ತ ಬರುತ್ತದೆ. ಕಾವಲಿನವರ ಕೋಣೆಯ ಕಲ್ಲಿನ ಮಾಡಿನಡಿ ನಿಂತು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಇಷ್ಟು ನೀರು ಮುನ್ನೂರು ನಾನೂರು ಮಳೆಗಾಲ ಹರಿದರೂ ದಾರಿ ಇನ್ನೂ ದಾರಿಯಾಗಿಯೇ ಇದೆ. ಹಾಸುಗಲ್ಲು ಇಲ್ಲದಿದ್ದರೆ ಈ ಇಳಿಜಾರು ಒಂದೇ ಮಳೆಗಾಲಕ್ಕೆ ಕೊರಕಲಾಗುತ್ತಿತ್ತು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಕಡೆ ಗೋಡೆಯ ಸಂದಿನಿಂದ ನೀರು ಒಸರುತ್ತಿರುತ್ತದೆ. ಅದು ಗೋಡೆಯ ದೋಷವಲ್ಲ, ಗುಣ. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಉಬ್ಬಿದಾಗ ಆ ನೀರಿಗೆ ಹೊರಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಎಷ್ಟೇ ದಪ್ಪದ ಗೋಡೆಯೂ ಹೊಟ್ಟೆ ಬಿಟ್ಟು ಕುಸಿಯುತ್ತದೆ. ಹಳೆಯ ಗೋಡೆಗಳ ಸಂದಿಗೆ ಸಿಮೆಂಟು ಮೆತ್ತುವುದನ್ನು ತಿಳಿದವರು ಬೇಡ ಎನ್ನುವುದು ಇದಕ್ಕೇ. ಹೊರಗಿನಿಂದ ಬಲವಾಗಿ ಕಂಡರೂ ಒಳಗೆ ನೀರು ಕಟ್ಟಿಕೊಳ್ಳುತ್ತದೆ.

ಒಳಗೆ ಹೋದರೆ ಕಾಶೀ ವಿಶ್ವನಾಥನ ದೇವಸ್ಥಾನ, ಅದರಿಂದ ಮುಂದೆ ಅರಮನೆಯ ಜಾಗ. ದೇವಸ್ಥಾನ ನಿಂತಿದೆ, ಅರಮನೆ ಇಲ್ಲ. ಉತ್ಖನನ ಮಾಡಿದಾಗ ಬಯಲಿಗೆ ಬಂದ ಜಗಲಿ, ಕಂಬದ ಪೀಠಗಳು, ಪೂಜೆಯ ಕೋಣೆ, ಅಡುಗೆಮನೆಯ ಒಲೆ, ಕಲ್ಲಿನ ಸ್ನಾನದ ಮನೆ, ಅದಕ್ಕೆ ನೀರು ತರುವ ಮತ್ತು ಒಯ್ಯುವ ಏರ್ಪಾಡು. ಎಲ್ಲವೂ ಮೊಣಕಾಲಿನೆತ್ತರದ ಒಂದು ನಕ್ಷೆಯಂತಿದೆ. ನೋಡಲು ಬಂದವರು ಸಾಮಾನ್ಯವಾಗಿ ‘ಶತ್ರುಗಳು ಒಡೆದುಹಾಕಿದರು’ ಎಂದುಕೊಂಡು ಮುಂದೆ ಹೋಗುತ್ತಾರೆ. ಯುದ್ಧದ ಪಾಲು ಇಲ್ಲವೆಂದಲ್ಲ. ಆದರೆ ಅರಮನೆ ಹೀಗೆ ಅಳಿಸಿಹೋಗಲು ಶತ್ರುವೇ ಬೇಕಾಗಿಲ್ಲ.

ಮಲೆನಾಡಿನ ಅರಮನೆ ಎಂದರೆ ದೊಡ್ಡದೊಂದು ಮಲೆನಾಡಿನ ಮನೆ. ಕಲ್ಲಿನ ತಳಪಾಯ, ಕಲ್ಲಿನ ಜಗಲಿ. ಅದರ ಮೇಲೆ ಮರದ ಕಂಬ, ಮುಚ್ಚಿಗೆ, ಮಣ್ಣಿನ ಗೋಡೆ, ಇಳಿಜಾರಿನ ಮಾಡು. ಒಣ ಮಣ್ಣಿನ ಗೋಡೆ ಕಲ್ಲಿನಷ್ಟೇ ಗಟ್ಟಿ. ಮೇಲೆ ಸೂರು ಚಾಚಿರಬೇಕು, ಕೆಳಗೆ ಜಗಲಿ ಎತ್ತರವಿರಬೇಕು, ಪಕ್ಕದಲ್ಲಿ ತಟ್ಟಿ ಇರಬೇಕು. ಇವಿಷ್ಟಿದ್ದರೆ ನೂರಾರು ವರ್ಷ ನಿಲ್ಲುತ್ತದೆ. ತೀರ್ಥಹಳ್ಳಿ, ಹೊಸನಗರದ ಹಳೆಯ ಚೌಕಿಮನೆಗಳೇ ಸಾಕ್ಷಿ. ಆದರೆ ಮನೆಯಲ್ಲಿ ಜನ ಇರಬೇಕು. ಮುರಿದ ಹಂಚು ಬದಲಿಸುವವರು, ಗೆದ್ದಲು ಕೆರೆಯುವವರು, ವರ್ಷಕ್ಕೊಮ್ಮೆ ತಟ್ಟಿ ಕಟ್ಟುವವರು ಇರಬೇಕು. ಅರಸುತನ ಹೋದ ಮೇಲೆ ಗುಡ್ಡದ ತುದಿಯ ಅರಮನೆಯ ಮಾಡಿಗೆ ಏಣಿ ಇಡುವವರು ಯಾರು? ಒಂದು ಕಡೆ ಸೋರಿದರೆ ಪಕಾಸಿ ಕೊಳೆಯುತ್ತದೆ. ಪಕಾಸಿ ಕುಸಿದರೆ ಗೋಡೆಯ ತಲೆ ನೆನೆಯುತ್ತದೆ. ನೆನೆದ ಗೋಡೆ ಎರಡು ಮೂರು ಮಳೆಗಾಲಕ್ಕೆ ಕೆಸರಾಗಿ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಬಳಸಬಹುದಾದ ಮರವನ್ನು ಯಾರೋ ಹೊತ್ತೊಯ್ದಿರುತ್ತಾರೆ. ದೇವಸ್ಥಾನ ಉಳಿದದ್ದು ದೇವರ ಮಹಿಮೆಯಿಂದ ಎನ್ನುವವರು ಹಾಗೆಯೇ ನಂಬಲಿ. ಅದರ ಮಾಡು ಕಲ್ಲಿನದು ಎಂಬುದೂ ನಿಜ. ಈ ಅರಮನೆಯಲ್ಲಿ ಬದುಕಿದವರು ಮಳೆಯ ಜೊತೆ ವರ್ಷವರ್ಷವೂ ಮಾಡಿಕೊಳ್ಳುತ್ತಿದ್ದ ಒಪ್ಪಂದವೊಂದಿತ್ತು. ಅದನ್ನು ನವೀಕರಿಸುವವರಿಲ್ಲವಾದ ವರ್ಷ ಅರಮನೆಯ ಆಯುಷ್ಯ ಮುಗಿಯಿತು.

ಗುಡ್ಡದ ಮೇಲೆ ಕೊಳಗಳಿವೆ. ಒಂದಕ್ಕೆ ಗದಾತೀರ್ಥವೆಂದು ಹೆಸರು. ಭೀಮ ಗದೆಯಿಂದ ತೋಡಿದ್ದೆಂದು ಕಥೆ. ಇಷ್ಟು ಮಳೆ ಸುರಿಯುವಲ್ಲಿ ಕೊಳವೇಕೆ ಎಂದು ಕೇಳಬಹುದು. ಮಾರ್ಚಿ ತಿಂಗಳನ್ನು ನೆನೆದರೆ ಉತ್ತರ ಸಿಗುತ್ತದೆ. ಗುಡ್ಡದ ತುದಿಯಲ್ಲಿ ಬಿದ್ದ ನೀರು ನಿಲ್ಲದೆ ಕೆಳಗೆ ಓಡುತ್ತದೆ. ಮುತ್ತಿಗೆ ಬರುವುದು ಬೇಸಿಗೆಯಲ್ಲಿ. ಆಗ ಕೋಟೆಯೊಳಗಿನವರು ಕುಡಿಯುವುದು ಏನನ್ನು? ಜುಲೈಯ ಮಳೆಯನ್ನು ಏಪ್ರಿಲ್‌ವರೆಗೆ ಹಿಡಿದಿಡುವುದೇ ಗುಡ್ಡದ ಕೋಟೆಯ ದೊಡ್ಡ ಕೆಲಸ.

ಭಾನುವಾರ ನಗರ. ಊರಿನ ಪಕ್ಕದ ಗುಡ್ಡದ ಮೇಲಿನ ಕೋಟೆಗೆ ಕಂದಕ, ಬುರುಜು, ಎತ್ತರದ ಹೆಬ್ಬಾಗಿಲು. ಒಳಗೆ ಅಕ್ಕತಂಗಿಯರ ಕೊಳ, ಮೇಲೆ ದರ್ಬಾರಿನ ಜಾಗವೆನ್ನುವ ಕಟ್ಟೆ. ಗೋಡೆಯ ಕೆಂಪು ಕಲ್ಲಿನದೇ ಒಂದು ಕಥೆ. ಕರಾವಳಿಯವರು ಮುರಕಲ್ಲು ಎನ್ನುವ, ಇಲ್ಲಿಯವರು ಜಂಬಿಟ್ಟಿಗೆ ಎನ್ನುವ ಈ ಕಲ್ಲನ್ನು ಹುಟ್ಟಿಸಿದ್ದೂ ಮಳೆಯೇ. ಲಕ್ಷಾಂತರ ವರ್ಷ ಬಿಸಿ ಮತ್ತು ಮಳೆಗೆ ಸಿಕ್ಕ ಬಂಡೆಯಿಂದ ಸಿಲಿಕಾ ಮೊದಲಾದವು ತೊಳೆದುಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದರೆ ಅದೇ ಜಂಬಿಟ್ಟಿಗೆ. ನೆಲದೊಳಗಿದ್ದಾಗ ಕೊಡಲಿಗೆ ಕಡಿಯಬಹುದಾದಷ್ಟು ಮೃದು. ಹೊರತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. 1801ರಲ್ಲಿ ನಗರಕ್ಕೂ ಬಂದಿದ್ದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲಾತೆರ್’ ಎಂದರೆ ಇಟ್ಟಿಗೆ. ಮಲಬಾರಿನ ಜನ ಅದನ್ನು ಇಟ್ಟಿಗೆಕಲ್ಲು ಎನ್ನುವುದನ್ನು ಕೇಳಿ ಇಟ್ಟ ಹೆಸರು. ಕನ್ನಡದ ಜಂಬಿಟ್ಟಿಗೆಯೊಳಗೂ ಇಟ್ಟಿಗೆ ಅಡಗಿರುವುದನ್ನು ಗಮನಿಸಬೇಕು. ಇಂದು ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇರುವ ಆ ಶಬ್ದದ ಹಿಂದೆ ನಮ್ಮ ಪಡುವಣ ತೀರದ ಕಲ್ಲುಕುಟಿಗರಿದ್ದಾರೆ.

ಈ ಕಲ್ಲಿನ ಮೈ ತುಂಬ ತೂತು. ಮಳೆಗಾಲದಲ್ಲಿ ಅದರಲ್ಲಿ ಪಾಚಿ, ಪಾಚಿಯ ಮೇಲೆ ಜರೀಗಿಡ, ಆಮೇಲೆ ಹಕ್ಕಿ ಹಾಕಿದ ಆಲ, ಅತ್ತಿಯ ಬೀಜ. ಬೆರಳಿನಷ್ಟಿದ್ದಾಗ ಕಿತ್ತರೆ ಐದು ನಿಮಿಷದ ಕೆಲಸ. ಹತ್ತು ವರ್ಷ ಬಿಟ್ಟರೆ ಗೋಡೆ ಬಿಚ್ಚದೆ ಬೇರು ತೆಗೆಯಲಾಗದು. ಕಡಿದು ಬಿಟ್ಟರೆ ಒಳಗಿನ ಬೇರು ಕೊಳೆತು ಆ ಪೊಳ್ಳಿನಲ್ಲಿ ನೀರು ಇಳಿಯುತ್ತದೆ. ಹಳೆಯ ಕೋಟೆಯನ್ನು ಕಾಪಾಡುವುದೆಂದರೆ ಹೆಬ್ಬಾಗಿಲಲ್ಲಿ ಫಲಕ ನಿಲ್ಲಿಸುವುದಲ್ಲ, ಪ್ರತಿ ಸೆಪ್ಟೆಂಬರಿನಲ್ಲಿ ಗೋಡೆಗೆ ಏಣಿ ಇಡುವುದು. ಹಳೆಯ ಅರಸರು ಮಾಡಿಸುತ್ತಿದ್ದುದೂ ಅದನ್ನೇ. ಕಾವಲಿನವರಿಗೆ ಶತ್ರು ಬರುವ ದಿನಕ್ಕಿಂತ ಗಿಡ ಕೀಳುವ ದಿನಗಳೇ ಹೆಚ್ಚಿದ್ದಿರಬೇಕು.

ನಗರಕ್ಕೆ ಹೋದವರು ದೇವಗಂಗೆಯನ್ನು ಬಿಟ್ಟು ಬರಬಾರದು. ಊರಿನಿಂದ ಕೆಲವು ಕಿಲೋಮೀಟರ್ ದೂರದಲ್ಲಿ ಕಾಡಿನ ಮಗ್ಗುಲಲ್ಲಿ ಏಳು ಕೊಳಗಳು, ಒಂದೊಂದಕ್ಕೂ ಬೇರೆ ಆಕಾರ. ಗುಡ್ಡದ ಒರತೆಯ ನೀರು ಒಂದರಿಂದ ಒಂದಕ್ಕೆ ಹಾದು ಹೋಗುತ್ತದೆ. ಬೇಸಿಗೆಯಲ್ಲೂ ನಿಲ್ಲದು, ಮಳೆಗಾಲದಲ್ಲೂ ಕಟ್ಟೆ ಮೀರದು. ಅರಮನೆ ಹೋಯಿತು, ಲಕ್ಷ ಮನೆ ಹೋದವು. ನೀರಿಗೆ ಸರಿಯಾದ ದಾರಿ ಮಾಡಿಕೊಟ್ಟ ಈ ಒಂದು ಕೆಲಸ ಕೆಟ್ಟಿಲ್ಲ. ಅರಸುಮನೆಯವರ ಜಲಕ್ರೀಡೆಗೆ ಮಾಡಿಸಿದ್ದೆನ್ನುತ್ತಾರೆ. ಯಾರಿಗಾಗಿ ಮಾಡಿಸಿದ್ದರೂ ಕಲ್ಲುಕುಟಿಗ ನೀರನ್ನು ಬಲ್ಲವನಾಗಿದ್ದ.

ಕವಲೇದುರ್ಗದ ತುದಿಯಲ್ಲಿ ಮಂಜು ಒಂದು ಗಳಿಗೆ ಹರಿದರೆ ದೂರದ ತಗ್ಗಿನಲ್ಲಿ ಬೆಳ್ಳಗೆ ನೀರು ಕಾಣುತ್ತದೆ. ಅದು ವಾರಾಹಿ ಯೋಜನೆಯ ಹಿನ್ನೀರು. ನಗರದ ಸುತ್ತಿನಲ್ಲಿ ಚಕ್ರಾ, ಸಾವೆಹಕ್ಕಲು ಜಲಾಶಯಗಳು. ಅವುಗಳ ನೀರು ಲಿಂಗನಮಕ್ಕಿಗೆ. ಶತ್ರುವನ್ನು ತಡೆಯಲು ಅರಸರು ನಂಬಿದ್ದ ಮಳೆಯಿಂದ ಈಗ ನಾಡಿಗೆ ವಿದ್ಯುತ್ ಬರುತ್ತದೆ. ಅದರ ಬೆಲೆ ತೆತ್ತವರೂ ಇಲ್ಲಿಯವರೇ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ಊರುಗಳು, ತೋಟಗಳು, ದೇವಸ್ಥಾನಗಳು ನೀರಿನಡಿ ಹೋದವು. ಮನ್ನಾ ಮಾಡಲಾಗದ ಆ ನಷ್ಟದ ಮಾತು ಮೂರನೇ ತಲೆಮಾರಿಗೂ ಮುಗಿದಿಲ್ಲ. ಮೊದಲಿನ ಒಂದು ಅಣೆಕಟ್ಟೂ ಮುಳುಗಿತು. 1948ರಲ್ಲಿ ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರೂಡಿಸಲೆಂದು ಮಡೆನೂರಿನಲ್ಲಿ ಕಟ್ಟಿ ಮುಗಿಸಿದ ಹಿರೇಭಾಸ್ಕರ ಅಣೆಕಟ್ಟು ಹದಿನಾರೇ ವರ್ಷಕ್ಕೆ ಜಲಾಶಯದ ತಳ ಸೇರಿತು. ಕವಲೇದುರ್ಗದಂತೆ ಅದೂ ಈಗ ಒಂದು ಅವಶೇಷ. ಮಳೆ ಕೈಕೊಟ್ಟು ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆದ್ದು ಕಾಣುತ್ತದೆ. ಆಗ ಸಾಗರದ ಕಡೆಯ ಜನ ಒಣಗಿ ಬಿರಿದ ಕೆಸರಿನ ಮೇಲೆ ನಡೆದುಹೋಗಿ ಅದನ್ನೂ, ಪಕ್ಕದಲ್ಲಿ ತಮ್ಮ ಅಜ್ಜನ ಮನೆಯ ಜಾಗವನ್ನೂ ನೋಡಿ ಬರುತ್ತಾರೆ.